ಉಪ್ಪು ನೀರಿನ ಸೆಲ್: ಮೀಟರ್‌ನಲ್ಲಿ 4 ವೋಲ್ಟ್, ಎಲ್‌ಇಡಿ ಮಾತ್ರ ಮಂಕು

ಮಿಣುಕುಹುಳ

ಐದು ಗಾಜಿನ ಲೋಟಗಳಲ್ಲಿ ಉಪ್ಪು ನೀರು ತುಂಬಿ, ಒಂದೊಂದರಲ್ಲೂ ಒಂದು ಸತು ಲೇಪನದ ಮೊಳೆ, ಒಂದು ತಾಮ್ರದ ತಂತಿ ಇಳಿಬಿಟ್ಟಿದ್ದೇನೆ. ಈ ಲೋಟದ ತಾಮ್ರಕ್ಕೆ ಪಕ್ಕದ ಲೋಟದ ಮೊಳೆ, ಹೀಗೆ ಸೀರೀಸ್‌ನಲ್ಲಿ ಜೋಡಿಸಿದೆ. ಮಲ್ಟಿಮೀಟರ್ ಹೆಚ್ಚುಕಮ್ಮಿ 4 ವೋಲ್ಟ್ ತೋರಿಸುತ್ತದೆ. ಆದರೆ ಬಿಳಿ ಎಲ್‌ಇಡಿ ಕೊಟ್ಟರೆ ಮೊದಲು ಚೆನ್ನಾಗಿ ಹೊಳೆದು, ಹಾಗೇ ಮಂಕಾಗುತ್ತಾ, ಕೊನೆಗೆ ಕೈ ಅಡ್ಡ ಹಿಡಿದು ನೋಡಿದರಷ್ಟೇ ಕಾಣುವ ಹಾಗಾಗುತ್ತದೆ. ಎಲ್‌ಇಡಿ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಮತ್ತೆ 4 ವೋಲ್ಟ್! 3 ವೋಲ್ಟಿನ ಎಲ್‌ಇಡಿಗೆ ಇದು ಸಾಕಲ್ವಾ? ಉಪ್ಪು ಜಾಸ್ತಿ ಮಾಡಿ ನೋಡಿದೆ, ಅಂಥ ವ್ಯತ್ಯಾಸ ಏನೂ ಆಗಲಿಲ್ಲ. ಇನ್ನೊಂದು, ಲೋಟ ಜಾಸ್ತಿ ಮಾಡುತ್ತಾ ಹೋದರೆ ಮೊಬೈಲ್ ಚಾರ್ಜ್ ಆಗುತ್ತದಾ? ನೀರಿನಿಂದ ಕರೆಂಟ್ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರಲ್ಲ.

ಓಮಪ್ಪ

ಏನೂ ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದಾಗ ಬರುವ ವೋಲ್ಟೇಜ್ ನಂಬಬೇಡಿ. ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಕೋಟಿ ಓಮ್ ಇರುತ್ತದೆ, ಅಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಐದು ಲೋಟಗಳ ಎರಡು ತುದಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅದು ಇರುವಾಗಲೇ ಅಳೆಯಿರಿ. 4 ಇದ್ದದ್ದು 1.5ಕ್ಕೆ ಇಳಿದರೆ, ಹರಿಯುತ್ತಿರುವುದು 1.5 ಮಿಲಿಆಂಪ್, ಉಳಿದ 2.5 ವೋಲ್ಟ್ ಲೋಟಗಳ ಒಳಗೇ ಕಳೆದುಹೋಗುತ್ತಿದೆ ಅಂತ ಲೆಕ್ಕ.

ಮೊಬೈಲ್ ಆಸೆ ಬಿಡಿ. 5 ವೋಲ್ಟ್, 1 ಆಂಪ್ ಅಂದರೆ 5 ವ್ಯಾಟ್. ಮೇಲಿನ ಲೆಕ್ಕದಲ್ಲಿ ನಿಮಗೆ ಸಿಗುವುದು ಸುಮಾರು 2 ಮಿಲಿವ್ಯಾಟ್. ಎರಡು ಸಾವಿರ ಪಟ್ಟಿಗಿಂತ ಜಾಸ್ತಿ ಬೇಕು, ಮನೆ ತುಂಬ ಲೋಟ ಇಟ್ಟುಕೊಂಡು ಎಲ್ಲಿ ಮಲಗುತ್ತೀರಿ?

ತುಕ್ಕು_ತಿಮ್ಮ

‘ನೀರಿನಿಂದ ಕರೆಂಟ್’ ಅನ್ನುವುದೇ ಸುಳ್ಳು. ಶಕ್ತಿ ಬರುವುದು ಸತುವಿನಿಂದ, ಅದು ಕರಗುತ್ತಾ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನ್‌ಗಳನ್ನು ತಾಮ್ರದ ಕಡೆ ಯಾರಾದರೂ ತೆಗೆದುಕೊಳ್ಳಬೇಕಲ್ಲ, ಉಪ್ಪು ನೀರಿನಲ್ಲಿ ಆ ಕೆಲಸ ಮುಖ್ಯವಾಗಿ ಮಾಡುವುದು ಕರಗಿರುವ ಆಮ್ಲಜನಕ. ಅದು ಇರುವುದೇ ಚೂರು, ಒಂದು ಲೀಟರ್ ಸಾದಾ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ, ಉಪ್ಪು ಹಾಕಿದರೆ ಇನ್ನೂ ಕಡಿಮೆ. ತಾಮ್ರದ ಸುತ್ತ ಇದ್ದದ್ದು ಖಾಲಿಯಾದಾಗ ಎಲ್‌ಇಡಿ ಮಂಕಾಗುತ್ತದೆ, ಸುಮ್ನೆ ಬಿಟ್ಟರೆ ದೂರದಿಂದ ಮತ್ತೆ ಹರಡಿಕೊಂಡು ಬರುತ್ತದೆ. ಉಪ್ಪಿನ ಕೆಲಸ ನೀರಿನಲ್ಲಿ ಕರೆಂಟ್ ಹರಿಯುವ ಹಾಗೆ ಮಾಡುವುದಷ್ಟೇ, ಹಾಗಾಗಿ ಒಂದು ಮಟ್ಟ ದಾಟಿದ ಮೇಲೆ ಸುರಿದಷ್ಟೂ ವ್ಯರ್ಥ.

ತಂತಿ ಬಿಟ್ಟು ತಾಮ್ರದ ಅಗಲ ತಗಡು ಹಾಕಿ, ಸತುವಿಗೆ ಹತ್ತಿರ ಇಡಿ, ಒಂದಕ್ಕೊಂದು ತಾಗಬಾರದು. ತಾಮ್ರಕ್ಕಿಂತ ಒಳ್ಳೆಯದು ಆಕ್ಟಿವೇಟೆಡ್ (ತುಂಬ ಸಣ್ಣ ರಂಧ್ರಗಳಿರುವ) ಇದ್ದಿಲ ಪುಡಿ. ಅದನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ನಡುವೆ ಗ್ರ್ಯಾಫೈಟ್ ಕಡ್ಡಿ ಇಟ್ಟು, ಅರ್ಧ ಭಾಗ ನೀರಿನ ಮೇಲೆ ಇರುವ ಹಾಗೆ ನಿಲ್ಲಿಸಿ, ಗಾಳಿಯ ಆಮ್ಲಜನಕವೇ ಸಿಗುತ್ತದೆ. ಇದೇ ತಾಮ್ರದ ಕಡೆಯ ತಲೆನೋವಿಗೆ ಬ್ರಿಟಿಷ್ ವಿಜ್ಞಾನಿ ಜಾನ್ ಫ್ರೆಡೆರಿಕ್ ಡೇನಿಯಲ್ 1836ರಲ್ಲಿ ತಾಮ್ರದ ಸುತ್ತ ಕಾಪರ್ ಸಲ್ಫೇಟ್ ದ್ರಾವಣ ಇಟ್ಟು ದಾರಿ ಕಂಡುಕೊಂಡರು, ಆ ಸೆಲ್ ಸುಮಾರು 1.1 ವೋಲ್ಟ್ ಅಲುಗಾಡದೆ ಕೊಡುತ್ತದೆ. ಆದರೆ ಕಾಪರ್ ಸಲ್ಫೇಟ್ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಮೊಳೆಯ ಮೇಲಿನ ಸತು ತೆಳುವಾದ ಪದರ ಅಷ್ಟೇ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಒಳಗಿನ ಕಬ್ಬಿಣ ಬಯಲಾಗಿದೆ ಅಂತ ಅರ್ಥ, ವೋಲ್ಟೇಜ್ ಕೂಡ ಇಳಿಯುತ್ತದೆ. ಸತುವಿನ ಪಟ್ಟಿಯನ್ನೇ ತನ್ನಿ. 1 ಗ್ರಾಂ ಸತು ಪೂರ್ತಿ ಕರಗಿದರೆ ಲೆಕ್ಕದ ಪ್ರಕಾರ 820 ಮಿಲಿಆಂಪ್-ಅವರ್ (ಅಂದರೆ 820 ಮಿಲಿಆಂಪ್ ಒಂದು ಗಂಟೆ), ಆದರೆ ಒಂದಷ್ಟು ಸುಮ್ನೆ ತುಕ್ಕು ಹಿಡಿದು ಹೋಗುವುದರಿಂದ ಅಷ್ಟು ಸಿಗುವುದಿಲ್ಲ.

ಮಿಣುಕುಹುಳ

ರೆಸಿಸ್ಟರ್ ಹಾಕಿದರೆ 1.2ಕ್ಕೆ ಬಂತು! ಎಲ್‌ಇಡಿ ಹಾಕಿಕೊಂಡೇ ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಲೋಟಗಳನ್ನು ಒಂದೊಂದಾಗಿ ಕಲಕಿದೆ, ಕಲಕಿದಾಗ ಬೆಳಕು ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ತಿಮ್ಮ ಅವರು ಹೇಳಿದ ಆಮ್ಲಜನಕದ ಆಟ ಇದೇ ಇರಬೇಕು. ಐದು ಲೋಟದ ಬದಲು ಒಂದೇ ಟಬ್‌ನಲ್ಲಿ ಐದು ಜೋಡಿ ಇಳಿಬಿಡಬಹುದಾ?

ಓಮಪ್ಪ

ಸೀರೀಸ್‌ಗೆ ಬೇಡ. ನೀರು ಒಂದೇ ಆದರೆ ಒಂದು ಜೋಡಿಯಿಂದ ಇನ್ನೊಂದಕ್ಕೆ ನೀರಿನೊಳಗೇ ಕರೆಂಟ್ ಹರಿದುಹೋಗಿ ವೋಲ್ಟೇಜ್ ಕೂಡುವುದಿಲ್ಲ. ಪ್ಯಾರಲಲ್ (ಎಲ್ಲ ತಾಮ್ರ ಒಟ್ಟಿಗೆ, ಎಲ್ಲ ಮೊಳೆ ಒಟ್ಟಿಗೆ) ಆದರೆ ಟಬ್ ಸರಿ.

ಎಲ್‌ಇಡಿ ಬದಲು 1.5 ವೋಲ್ಟಿನ ಎಲ್‌ಸಿಡಿ ಗಡಿಯಾರ ಹಚ್ಚಿ ನೋಡಿ. ಅದಕ್ಕೆ ಕೆಲವು ಮೈಕ್ರೋಆಂಪ್ ಸಾಕು, ಎರಡು ಲೋಟದಲ್ಲಿ ಆರಾಮಾಗಿ ನಡೆಯುತ್ತದೆ. ಎಲ್‌ಇಡಿಯೇ ಬೇಕೆಂದರೆ ಐದು ಲೋಟದಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಕೂಡಿಡುವ ಬಿಡಿಭಾಗ) ನಿಧಾನಕ್ಕೆ ತುಂಬಿಸಿಕೊಂಡು, ಸ್ವಿಚ್ ಒತ್ತಿ ಒಮ್ಮೆಗೆ ಮಿಂಚಿಸಿ. ಕೆಪಾಸಿಟರ್‌ನ ಪ್ಲಸ್ ಮೈನಸ್ ನೋಡಿಕೊಳ್ಳಿ, ತಾಮ್ರದ ತುದಿ ಪ್ಲಸ್. ಕ್ಲಿಪ್‌ಗಳು ನೀರಿಗೆ ತಾಗದಂತೆ ಮೇಲೆ ಹಾಕಿ, ಉಪ್ಪು ಹತ್ತಿಕೊಂಡು ಹಸಿರು ಕಿಲುಬು ಕಟ್ಟಿದರೆ ಅಲ್ಲೇ ಕನೆಕ್ಷನ್ ಹಾಳು.