ಮನೆಯಿಂದ ತತ್ವಪದ ಪ್ರಸಾರ: ಗುಂಯ್ ಎನ್ನುವ ಸದ್ದು, ಕರೆಂಟ್ ಹೋದಾಗ ಕಡಿಯುವ ರೇಡಿಯೋ

ಕೊಪ್ಪಳದಿಂದ ಪ್ರಶ್ನೆ:
ನಮ್ಮ ಓಣಿಯ ಭಜನಾ ಮಂಡಳಿಯ ತತ್ವಪದಗಳನ್ನು ಪ್ರತಿ ಸೋಮವಾರ ರಾತ್ರಿ ಒಂದೂವರೆ ಗಂಟೆ ಮನೆಯಿಂದಲೇ ಆನ್‌ಲೈನ್ ರೇಡಿಯೋದಲ್ಲಿ ಬಿತ್ತರಿಸುತ್ತೇನೆ. ಮಿಕ್ಸರ್, ಲ್ಯಾಪ್‌ಟಾಪ್, ಧ್ವನಿಯನ್ನು ಕೇಳುಗರಿಗೆಲ್ಲ ಹಂಚುವ ಬಾಡಿಗೆಯ ಐಸ್‌ಕಾಸ್ಟ್ ಸರ್ವರ್, 128 ಕೆಬಿಪಿಎಸ್ ಎಂಪಿ3, ಇಷ್ಟೇ ನನ್ನ ಸರಂಜಾಮು. ಹಾಡು ನಿಂತ ಕೂಡಲೇ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಚಾರ್ಜರ್ ಕಿತ್ತರೆ ಅದು ಮಾಯವಾಗುತ್ತದೆ. ಇನ್ನೊಂದು ತೊಂದರೆಯೆಂದರೆ, ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗ ಪ್ರಸಾರ ಕಡಿದುಹೋಗಿ, ಮತ್ತೆ ಪ್ಲೇ ಒತ್ತಬೇಕೆಂದು ತಿಳಿಯದ ಹಿರಿಯರು ಫೋನನ್ನು ಬದಿಗಿಟ್ಟುಬಿಡುತ್ತಾರೆ.

ಬಳ್ಳಾರಿಯಿಂದ ಉತ್ತರ:
ಸರ್, ಮೊದಲ ತೊಂದರೆಯ ಮೂಲವನ್ನು ನೀವೇ ಹೇಳಿದ್ದೀರಿ. ಮಿಕ್ಸರ್ ಮತ್ತು ಚಾರ್ಜರ್ ಎರಡೂ ಮೂರು ಪಿನ್ನಿನವಾಗಿದ್ದರೆ ಅವು ಗೋಡೆಯ ಅರ್ಥಿಂಗ್ ಮೂಲಕ ಒಮ್ಮೆ, ಆಡಿಯೋ ವೈರಿನ ಹೊರ ಜಾಲರಿಯ ಮೂಲಕ ಇನ್ನೊಮ್ಮೆ ಸೇರಿಕೊಂಡು ಒಂದು ಸುತ್ತು ಏರ್ಪಡುತ್ತದೆ; ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್ ವಿದ್ಯುತ್ತೇ ನಿಮ್ಮ ಗುಂಯ್. ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ವೈರಿನ ನಡುವೆ ಈ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಸಾಧನ ಸೇರಿಸಿ. ಲ್ಯಾಪ್‌ಟಾಪಿನ ಬ್ಯಾಟರಿ ಒಂದೂವರೆ ಗಂಟೆ ಬರುವುದಾದರೆ ಚಾರ್ಜರ್ ಕಿತ್ತಿಟ್ಟರೆ ಸಾಕು, ಅದೂ ಬೇಡ.

ಸಿಂಧನೂರಿನಿಂದ ಉತ್ತರ:
ನಾನು ಮಿಕ್ಸರಿನ ಅರ್ಥ್ ಪಿನ್ನನ್ನೇ ತೆಗೆಸಿದೆ. ಖರ್ಚಿಲ್ಲದೆ ಸದ್ದು ನಿಂತಿತು.

ಬಳ್ಳಾರಿಯಿಂದ ಮತ್ತೆ:
ದಯವಿಟ್ಟು ಹಾಗೆ ಮಾಡಬೇಡಿ. ಮೈಕಿನ ಲೋಹದ ಮೈ ಮಿಕ್ಸರಿನ ಗ್ರೌಂಡಿಗೇ ಸೇರಿರುವುದರಿಂದ, ಒಳಗೆ ಎಲ್ಲಾದರೂ ವೈರ್ ತಾಗಿದರೆ ಶಾಕ್ ಹೊಡೆಯುವುದು ಹಾಡುವವರ ಕೈಗೆ.

ರಾಯಚೂರಿನಿಂದ ಉತ್ತರ:
ಇನ್ವರ್ಟರ್ ಬದಲಾಗುವ ಕ್ಷಣಾರ್ಧದಲ್ಲಿ ರೌಟರ್ ಆರಿ ಹೊತ್ತುತ್ತಿರಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕಿಲ್ಲ. ರೌಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಬೇಕು. ಇದರ ಜೊತೆಗೆ ಐಸ್‌ಕಾಸ್ಟಿನಲ್ಲಿ ಫಾಲ್‌ಬ್ಯಾಕ್ ಮೌಂಟ್ ಎಂಬ ಸೌಲಭ್ಯವಿದ್ದು, ನಿಮ್ಮ ಸಂಪರ್ಕ ತಪ್ಪಿದಾಗ ಕೇಳುಗರನ್ನು ಹೊರಹಾಕದೆ ಇನ್ನೊಂದು ಧ್ವನಿಗೆ ದಾಟಿಸುತ್ತದೆ. ಮಾಮೂಲಿ ಸೆಟ್ಟಿಂಗಿನಲ್ಲಿ ಸರ್ವರ್ 10 ಸೆಕೆಂಡ್ ಕಾದ ಮೇಲೆಯೇ ಸಂಪರ್ಕ ಸತ್ತಿತೆಂದು ತೀರ್ಮಾನಿಸುವುದರಿಂದ ನಡುವೆ ಸ್ವಲ್ಪ ಮೌನ ಬರಬಹುದು. ಆ ಧ್ವನಿಯೂ ಎಂಪಿ3ಯಲ್ಲೇ, ಅದೇ ಸ್ಯಾಂಪಲ್ ರೇಟಿನಲ್ಲೇ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಲೆಕ್ಕ) ಇರಲಿ.

ಕೊಪ್ಪಳದಿಂದ:
ಒಂದೇ ಬೋರ್ಡಿಗೆ ಹಾಕಿದಾಗ ಸದ್ದು ಅರ್ಧ ಇಳಿಯಿತು, ಐಸೊಲೇಟರ್ ಹಾಕಿದ ಮೇಲೆ ಪೂರ್ತಿ ಹೋಯಿತು. ರೌಟರಿನ ಯುಪಿಎಸ್ ಇನ್ನೂ ತಂದಿಲ್ಲ. ಫಾಲ್‌ಬ್ಯಾಕಿಗೆ ಏಕತಾರಿಯ ಶ್ರುತಿ ಮುದ್ರಿಸಿ ಇಟ್ಟಿದ್ದೆ. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ನಾವು ಮೂರು ಪದ ಹಾಡಿ ಮುಗಿಸಿದರೂ ಕೇಳುಗರಿಗೆ ಏಕತಾರಿಯೇ ಕೇಳುತ್ತಿತ್ತಂತೆ.

ರಾಯಚೂರಿನಿಂದ:
ಐಸ್‌ಕಾಸ್ಟಿನ ಫಾಲ್‌ಬ್ಯಾಕ್ ಓವರ್‌ರೈಡ್ ಎಂಬ ಸೆಟ್ಟಿಂಗನ್ನು 1 ಎಂದು ಬದಲಿಸಿ; ನೀವು ಮರಳಿದೊಡನೆ ಕೇಳುಗರೂ ಮರಳುತ್ತಾರೆ. ಬಾಡಿಗೆ ಸರ್ವರಿನಲ್ಲಿ ಅದು ನಿಮ್ಮ ಕೈಗೆ ಸಿಗದಿದ್ದರೆ ಅವರಿಗೇ ಬರೆದು ಹಾಕಿಸಿಕೊಳ್ಳಿ.