ಕರಡಿ ಗೊಂಬೆಯ ತಲೆಯಲ್ಲಿ ಸಂದು: ಕೊಕ್ಕೆ ಬದಲಿಸಿದರೂ ಒಳಗಿನ ಫೈಬರ್ ಕಾಣುತ್ತಿದೆ

ನೂಲಿನುಂಡೆ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಂಗಿಯ ಮಗುವಿಗೆ ಕೊಡಲೆಂದು ಕ್ರೋಶೆಯಲ್ಲಿ ಕರಡಿ ಗೊಂಬೆಯೊಂದನ್ನು ಹೆಣೆಯಲು ಕುಳಿತು ಇಂದಿಗೆ ಹನ್ನೊಂದು ದಿನಗಳಾದವು. ತಲೆಯೊಂದನ್ನೇ ಮೂರು ಸಲ ಹೆಣೆದು ಮೂರು ಸಲವೂ ಬಿಚ್ಚಿದ್ದೇನೆ. ಫೈಬರ್ ತುಂಬಿದ ಕೂಡಲೇ ಸ್ಟಿಚ್‌ಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಬಿಟ್ಟುಕೊಳ್ಳುತ್ತದೆ. ಕಂದು ನೂಲಿನ ನಡುವೆ ಬಿಳಿಯ ಫೈಬರ್ ಎದ್ದು ಕಾಣುತ್ತದೆ. ಮೊದಲ ಸಲ 3.5 ಮಿ.ಮೀ. ಕೊಕ್ಕೆಯಲ್ಲಿ ಹೆಣೆದೆ, ಎರಡನೆಯ ಸಲ 3, ಮೂರನೆಯ ಸಲ 2.5. ಬೆರಳ ತುದಿ ಉರಿಯುತ್ತಿದೆ, ಸಂದು ಮಾತ್ರ ಮುಚ್ಚಿಲ್ಲ.

ಪ್ಯಾಟರ್ನ್‌ನಲ್ಲಿ ಇರುವುದನ್ನು ಅಕ್ಷರಶಃ ಪಾಲಿಸಿದ್ದೇನೆ. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಮಾರ್ಕರ್ ಹಾಕಿ, ಸುತ್ತು ಮುಗಿದಾಗಲೆಲ್ಲ ಎಣಿಸಿದ್ದೇನೆ. ಒಂದು ಸ್ಟಿಚ್ ಕೂಡ ಹೆಚ್ಚುಕಡಿಮೆಯಾಗಿಲ್ಲ. ನಾನು ಹೆಣಿಗೆಗೆ ಹೊಸಬಳೂ ಅಲ್ಲ. ಎರಡು ಶಾಲುಗಳನ್ನು ಮುಗಿಸಿದ್ದೇನೆ. ಕಳೆದ ತಿಂಗಳು ವಿಡಿಯೊ ನೋಡಿಕೊಂಡು ಪುಟ್ಟ ಆಕ್ಟೋಪಸ್ ಒಂದನ್ನು ಹೆಣೆದಾಗ ಇಂಥ ತೊಂದರೆ ಎಳ್ಳಷ್ಟೂ ಬರಲಿಲ್ಲ. ಅದೇ ಕೈ, ಅದೇ ನೂಲು. ಹಾಗಿದ್ದ ಮೇಲೆ ತಪ್ಪು ಎಲ್ಲಿದೆ ಎಂದು ದಯವಿಟ್ಟು ಯಾರಾದರೂ ತಿಳಿಸಿ.

ಬಿಗಿಹೆಣಿಗೆ | ಸೋಮವಾರ, ರಾತ್ರಿ 10:05

ಕಾರಣ ಕೊಕ್ಕೆಯೇ. ನೂಲಿನ ಲೇಬಲ್ ಮೇಲೆ ಮುದ್ರಿಸಿರುವ ಕೊಕ್ಕೆಯ ಅಳತೆ ಶಾಲು, ಸ್ವೆಟರ್‌ಗಳಂಥ ಮೆತ್ತಗೆ ಬೀಳಬೇಕಾದ ಹೆಣಿಗೆಗೆ ಹೊಂದುವಂಥದ್ದು. ಒಳಗೆ ತುಂಬುವ ಗೊಂಬೆಗೆ ಅದಕ್ಕಿಂತ ಒಂದೆರಡು ಅಳತೆ ಕೆಳಗಿಳಿಯಲೇಬೇಕು. ನೀವು 2.5ಕ್ಕೆ ಇಳಿದಿದ್ದೀರಿ, ಸರಿ; ಆದರೆ ಸಡಿಲ ಕೈಯವರಿಗೆ ಅದೂ ಸಾಲದು. 2 ಮಿ.ಮೀ. ಕೊಕ್ಕೆ ಹಿಡಿದು, ಪ್ರತಿ ಸ್ಟಿಚ್ ಮುಗಿದ ಮೇಲೆ ನೂಲನ್ನು ತೋರುಬೆರಳಿನಿಂದ ಒಮ್ಮೆ ಹಿಂದಕ್ಕೆ ಎಳೆದುಕೊಳ್ಳಿ. ಶಾಲು ಹೆಣೆದು ಪಳಗಿದ ಕೈ ನೂಲನ್ನು ಹರಿಯಬಿಡುತ್ತದೆ. ಅದನ್ನು ತಿದ್ದಿಕೊಳ್ಳದೆ ಗೊಂಬೆ ಬರುವುದಿಲ್ಲ.

ಹತ್ತಿನೂಲು | ಸೋಮವಾರ, ರಾತ್ರಿ 10:31

ಯಾವ ನೂಲು ಎಂದೇ ಅವರು ಹೇಳಿಲ್ಲ, ಆಗಲೇ ಕೊಕ್ಕೆಯ ತೀರ್ಪು ಕೊಡುವುದು ಸರಿಯಲ್ಲ. ಹತ್ತಿಯ ನೂಲು ಹಿಗ್ಗುವುದಿಲ್ಲವಾದ್ದರಿಂದ ಎಷ್ಟು ತುಂಬಿದರೂ ಸ್ಟಿಚ್ ಇದ್ದಲ್ಲೇ ನಿಲ್ಲುತ್ತದೆ. ಅಕ್ರಿಲಿಕ್ ಹಿಗ್ಗುತ್ತದೆ. ಅಕ್ರಿಲಿಕ್ ತಲೆಯೊಳಗೆ ಫೈಬರ್ ಅನ್ನು ಒತ್ತಿ ಒತ್ತಿ ತುಂಬಿದರೆ, ಎಂಥ ಸಣ್ಣ ಕೊಕ್ಕೆಯಲ್ಲಿ ಹೆಣೆದಿದ್ದರೂ ಸಂದು ಬಿಟ್ಟುಕೊಳ್ಳುತ್ತದೆ. ಫೈಬರ್ ಅನ್ನು ದೊಡ್ಡ ಉಂಡೆಯಾಗಿ ತುರುಕಬೇಡಿ. ಅರಳೆ ಹಿಂಜಿದ ಹಾಗೆ ಎಳೆ ಎಳೆಯಾಗಿ ಬಿಡಿಸಿ, ಚಿಟಿಕೆ ಚಿಟಿಕೆಯಾಗಿ ಮೊದಲು ಅಂಚುಗಳಿಗೆ, ಕೊನೆಗೆ ನಡುವಿಗೆ ಇಡಿ. ಗಾಢ ಬಣ್ಣದ ಗೊಂಬೆಯಾದರೆ, ತುಂಬುವ ಮೊದಲು ಅದೇ ಬಣ್ಣದ ಹಳೆಯ ನೈಲಾನ್ ಕಾಲುಚೀಲದ ತುಂಡನ್ನು ಒಳಗೆ ಹಾಸುವುದೂ ಉಂಟು.

ಬಿಗಿಹೆಣಿಗೆ | ಸೋಮವಾರ, ರಾತ್ರಿ 10:48

ನೂಲಿನ ಮೇಲೆ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ನನ್ನ ಗೊಂಬೆಗಳಲ್ಲಿ ಬಹುಪಾಲು ಅಕ್ರಿಲಿಕ್‌ನವೇ, ಒಂದರಲ್ಲೂ ಫೈಬರ್ ಇಣುಕಿಲ್ಲ. ಅಕ್ರಿಲಿಕ್‌ನ ನವಿರಾದ ರೋಮವೇ ಸಣ್ಣ ಸಂದುಗಳನ್ನು ಮುಚ್ಚುತ್ತದೆ; ನುಣುಪಾದ ಹತ್ತಿಯಲ್ಲಿ ಪ್ರತಿ ಲೋಪವೂ ಕಣ್ಣಿಗೆ ಹೊಡೆಯುತ್ತದೆ. ನನ್ನ ಬಳಿ 2ರಿಂದ 6 ಮಿ.ಮೀ.ವರೆಗಿನ ಕೊಕ್ಕೆಗಳ ಪೂರ್ತಿ ಸೆಟ್ ಇದೆ. ಎಲ್ಲಕ್ಕೂ ಅಲ್ಯೂಮಿನಿಯಂ ತುದಿ, ರಬ್ಬರಿನ ಹಿಡಿ. ಪ್ರತಿ ಗೊಂಬೆಗೂ ಯಾವ ನೂಲು, ಯಾವ ಕೊಕ್ಕೆ, 36 ಸ್ಟಿಚ್‌ನ ಸುತ್ತು ಎಷ್ಟು ಸೆಂಟಿಮೀಟರ್ ಬಂತು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆ ಪುಸ್ತಕದ ಬಲದ ಮೇಲೆ ಹೇಳುತ್ತಿದ್ದೇನೆ: ಕೊಕ್ಕೆ ಬದಲಿಸಿ.

ನೂಲಿನುಂಡೆ | ಮಂಗಳವಾರ, ರಾತ್ರಿ 8:15

ಇಬ್ಬರಿಗೂ ಧನ್ಯವಾದಗಳು. ನೂಲು ಅಕ್ರಿಲಿಕ್. ಇಂದು 2 ಮಿ.ಮೀ. ಕೊಕ್ಕೆಯಲ್ಲಿ ಮತ್ತೆ ಮೊದಲಿನಿಂದ ಹೆಣೆದೆ. ಕೊಕ್ಕೆ ನೂಲಿನ ಎಳೆಗಳನ್ನು ಸೀಳಿಕೊಂಡು ಒಳಗೆ ಹೋಗುತ್ತಿತ್ತು. ಎಂಟನೆಯ ಸುತ್ತಿಗೆ ಬರುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತು. ಫೈಬರ್ ಅನ್ನೂ ಹಿಂಜಿ ಹಿಂಜಿ ಹಗುರವಾಗಿಯೇ ತುಂಬಿದೆ. ಸಂದು ಕೊಂಚ ಕಿರಿದಾಗಿದೆ ಅಷ್ಟೆ, ಹೋಗಿಲ್ಲ.

ಇನ್ನೊಂದು ಸಂಗತಿ. ಇದು ಬೇರೆ ಸಮಸ್ಯೆ ಎಂದುಕೊಂಡು ಮೊದಲು ಬರೆಯಲಿಲ್ಲ. ತಲೆ ದುಂಡಗೆ ಬರದೆ, ಸೋರೆಕಾಯಿಯ ಹಾಗೆ ಉದ್ದಕ್ಕೆ ಬರುತ್ತಿದೆ. ಮುಗಿಸಿಟ್ಟಿರುವ ಎರಡು ತೋಳುಗಳನ್ನು ದೇಹದ ಪಕ್ಕದಲ್ಲಿಟ್ಟರೆ ಪಾದದವರೆಗೂ ಇಳಿಯುತ್ತವೆ. ಕರಡಿಯ ವಿನ್ಯಾಸವೇ ಹಾಗಿರಬಹುದು ಎಂದು ಸುಮ್ಮನಿದ್ದೆ. ಮಗುವಿಗೆ ಈಗ ಎಂಟು ತಿಂಗಳು, ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕುವ ವಯಸ್ಸು. ಫೈಬರ್ ಹೊರಬರುವ ಗೊಂಬೆಯನ್ನು ಅದರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಬಿಗಿಹೆಣಿಗೆ | ಮಂಗಳವಾರ, ರಾತ್ರಿ 8:40

ಹಾಗಾದರೆ ನೂಲನ್ನು ಕೊಕ್ಕೆಗೆ ತೆಗೆದುಕೊಳ್ಳುವ ರೀತಿಯನ್ನು ಗಮನಿಸಿ. ಸ್ಟಿಚ್‌ನೊಳಗೆ ಕೊಕ್ಕೆ ತೂರಿಸಿದ ಮೇಲೆ ನೂಲನ್ನು ಕೊಕ್ಕೆಯ ಮೇಲಿನಿಂದ ಸುತ್ತಿ ಎಳೆದರೆ ಸ್ಟಿಚ್ ವಿ ಆಕಾರದಲ್ಲಿ ನಿಲ್ಲುತ್ತದೆ. ಕೊಕ್ಕೆಯನ್ನೇ ನೂಲಿನ ಮೇಲೆ ಒಯ್ದು, ನೂಲನ್ನು ಕೆಳಗಿನಿಂದ ಹಿಡಿದೆಳೆದರೆ ಎಕ್ಸ್ ಆಕಾರ ಬರುತ್ತದೆ. ಎಕ್ಸ್ ಸ್ಟಿಚ್ ಗಿಡ್ಡವೂ ಬಿಗಿಯೂ ಆಗಿರುತ್ತದೆ. ತಲೆ ಉದ್ದವಾಗುವುದಕ್ಕೂ ಇದೇ ಕಾರಣ, ಏಕೆಂದರೆ ವಿ ಸ್ಟಿಚ್ ತುಸು ಎತ್ತರ. 2 ಮಿ.ಮೀ. ಕೊಕ್ಕೆಯನ್ನು ಬಿಡಬೇಡಿ, ಈ ಬದಲಾವಣೆಯೊಂದನ್ನು ಮಾಡಿ ನೋಡಿ.

ಪುಟ್ಟಗೊಂಬೆ | ಮಂಗಳವಾರ, ರಾತ್ರಿ 9:02

ಸಂದಿನ ವಿಚಾರಕ್ಕೆ ನಾನು ಬರುವುದಿಲ್ಲ, ಆದರೆ ಎಂಟು ತಿಂಗಳ ಮಗು ಎಂದು ಓದಿದ ಮೇಲೆ ಸುಮ್ಮನಿರಲಾಗುತ್ತಿಲ್ಲ. ದಯವಿಟ್ಟು ಪ್ಲಾಸ್ಟಿಕ್ಕಿನ ಸೇಫ್ಟಿ ಕಣ್ಣುಗಳನ್ನು ಹಾಕಬೇಡಿ. ಹೆಸರಿನಲ್ಲಿ ಸೇಫ್ಟಿ ಎಂದಿದ್ದರೂ, ಅದರ ಬಿಗಿತವೆಲ್ಲ ಒಳಗಿನ ವಾಷರ್ ಮತ್ತು ಸುತ್ತಲಿನ ಹೆಣಿಗೆಯನ್ನು ನೆಚ್ಚಿಕೊಂಡಿರುತ್ತದೆ. ಹೆಣಿಗೆಯೇ ಸಡಿಲವಾಗಿದ್ದರೆ ವಾಷರ್ ಸಮೇತ ಕಣ್ಣು ಹೊರಗೆ ಬರಬಹುದು. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಕಪ್ಪು ನೂಲಿನಲ್ಲಿ ಕಣ್ಣು, ಮೂಗುಗಳನ್ನು ಕಸೂತಿ ಮಾಡುವುದೇ ಸರಿಯಾದ ಕ್ರಮ.

ಬಿಗಿಹೆಣಿಗೆ | ಮಂಗಳವಾರ, ರಾತ್ರಿ 9:10

ಬಿಗಿಯಾದ ಹೆಣಿಗೆಯಲ್ಲಿ ವಾಷರ್ ಅನ್ನು ಟಕ್ ಎನ್ನುವವರೆಗೆ ಒತ್ತಿದ್ದರೆ ಕಣ್ಣು ಕೀಳುವುದು ದೊಡ್ಡವರಿಂದಲೂ ಆಗದು.

ಪುಟ್ಟಗೊಂಬೆ | ಮಂಗಳವಾರ, ರಾತ್ರಿ 9:16

ಇಲ್ಲಿ ಇರುವುದು ಬಿಗಿಯಾದ ಹೆಣಿಗೆಯಲ್ಲ ಎಂಬುದೇ ಅವರ ದೂರು. ಮಗು ದಿನವಿಡೀ ಕಚ್ಚುತ್ತದೆ, ಗೊಂಬೆ ನೆನೆಯುತ್ತದೆ, ಒಗೆಯುತ್ತಾರೆ, ನೂಲು ಸಡಿಲವಾಗುತ್ತದೆ. ಈ ಮಾತಿನಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಆರರ ಲೆಕ್ಕ | ಬುಧವಾರ, ಬೆಳಿಗ್ಗೆ 6:50

ನೂಲಿನುಂಡೆಯವರೇ, ತಲೆ ಸೋರೆಕಾಯಿಯಂತೆ ಉದ್ದವಾಗಿದೆ ಎಂದಿದ್ದೀರಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತಿದೆ. ವಿ ಸ್ಟಿಚ್‌ಗೂ ಎಕ್ಸ್ ಸ್ಟಿಚ್‌ಗೂ ಇರುವ ಎತ್ತರದ ವ್ಯತ್ಯಾಸ ತೀರ ಸಣ್ಣದು. ಅಷ್ಟರಿಂದ ದುಂಡು ತಲೆ ಸೋರೆಕಾಯಿಯಾಗದು, ತೋಳು ಪಾದ ಮುಟ್ಟದು. ಇನ್ನೊಮ್ಮೆ ಬಿಚ್ಚುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಒಂದು, ಕೊಕ್ಕೆಯನ್ನು ಸ್ಟಿಚ್‌ನೊಳಗೆ ತೂರಿಸುವುದಕ್ಕೆ ಮೊದಲೇ ಅದಕ್ಕೆ ನೂಲನ್ನು ಒಂದು ಸುತ್ತು ಸುತ್ತಿಕೊಳ್ಳುತ್ತೀರಾ? ಎರಡು, ಮೊದಲ ನಾಲ್ಕು ಸುತ್ತು ಮುಗಿದಾಗ ಹೆಣಿಗೆ ಮೇಜಿನ ಮೇಲೆ ತಟ್ಟೆಯಂತೆ ಚಪ್ಪಟೆಯಾಗಿ ಕೂರುತ್ತದೆಯೋ, ಬುಟ್ಟಿಯಂತೆ ಮೇಲಕ್ಕೆದ್ದು ನಿಲ್ಲುತ್ತದೆಯೋ? ಮೂರು, ಪ್ಯಾಟರ್ನ್‌ನಲ್ಲಿ ಆ ಸ್ಟಿಚ್‌ನ ಹೆಸರು ಏನೆಂದು ಬರೆದಿದೆ?

ನೂಲಿನುಂಡೆ | ಬುಧವಾರ, ಮಧ್ಯಾಹ್ನ 1:20

ಸುತ್ತಿಕೊಳ್ಳುತ್ತೇನೆ, ಡಬಲ್ ಕ್ರೋಶೆ ಹಾಕುವುದೇ ಹಾಗಲ್ಲವೇ? ನೂಲು ಸುತ್ತಿ, ಕೊಕ್ಕೆ ತೂರಿಸಿ, ಕುಣಿಕೆ ಎಳೆದರೆ ಕೊಕ್ಕೆಯ ಮೇಲೆ ಮೂರು ಕುಣಿಕೆಗಳು. ಎರಡರೊಳಗಿಂದ ಒಮ್ಮೆ, ಉಳಿದ ಎರಡರೊಳಗಿಂದ ಇನ್ನೊಮ್ಮೆ ನೂಲನ್ನು ಎಳೆಯುತ್ತೇನೆ. ಶಾಲುಗಳನ್ನು ಹೆಣೆದದ್ದೂ ಹೀಗೆಯೇ. ಪ್ಯಾಟರ್ನ್‌ನಲ್ಲಿ ಮೊದಲಿನಿಂದ ಕೊನೆಯವರೆಗೂ ಡಬಲ್ ಕ್ರೋಶೆ ಎಂದೇ ಇದೆ: ಮ್ಯಾಜಿಕ್ ರಿಂಗ್‌ನಲ್ಲಿ, ಅಂದರೆ ಎಳೆದು ಬಿಗಿಯುವ ಮೊದಲ ನೂಲಿನ ಬಳೆಯಲ್ಲಿ, 6 ಸ್ಟಿಚ್, ಆಮೇಲೆ ಸುತ್ತಿಗೊಂದರಂತೆ 12, 18, 24, 30, 36, ಆರು ಸುತ್ತು ಹಾಗೆಯೇ 36, ಮತ್ತೆ ಅದೇ ಕ್ರಮದಲ್ಲಿ ಇಳಿಯುತ್ತ 6. ನಾಲ್ಕನೆಯ ಸುತ್ತಿಗೆ ಹೆಣಿಗೆ ಕೂರುವುದಿಲ್ಲ, ಲೋಟದ ಹಾಗೆ ನಿಂತಿರುತ್ತದೆ.

ಆರರ ಲೆಕ್ಕ | ಬುಧವಾರ, ಸಂಜೆ 7:05

ಹಾಗಾದರೆ ನಿಮ್ಮ ಕೈಯಲ್ಲೂ ದೋಷವಿಲ್ಲ, ಕೊಕ್ಕೆಯಲ್ಲೂ ಇಲ್ಲ. ಪ್ಯಾಟರ್ನ್ ಬ್ರಿಟಿಷ್ ಪರಿಭಾಷೆಯಲ್ಲಿದೆ, ನೀವು ಕಲಿತದ್ದು ಅಮೆರಿಕನ್ ಪರಿಭಾಷೆಯಲ್ಲಿ. ಬ್ರಿಟಿಷರು ಡಬಲ್ ಕ್ರೋಶೆ ಎನ್ನುವುದು ಅಮೆರಿಕನ್ನರ ಸಿಂಗಲ್ ಕ್ರೋಶೆಯನ್ನು. ನೀವು ಹಾಕುತ್ತಿರುವ, ಶಾಲಿಗೆ ಒಪ್ಪುವ ಆ ಎತ್ತರದ ಸ್ಟಿಚ್‌ಗೆ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಟ್ರೆಬಲ್ ಎಂದು ಹೆಸರು. ನಿಮ್ಮ ಆಕ್ಟೋಪಸ್ ಸರಿಯಾಗಿ ಬಂದುದಕ್ಕೂ ಕಾರಣ ಇದೇ ಇರಬೇಕು: ವಿಡಿಯೊದಲ್ಲಿ ಹೆಣೆಯುವವರ ಕೈಯನ್ನು ನೋಡಿ ಹೆಣೆದಿರಿ, ಹೆಸರನ್ನು ಓದಿ ಅಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ತಿಳಿದರೆ ಮುಂದೆ ಯಾವ ಪ್ಯಾಟರ್ನ್ ಕೈಗೆ ಬಂದರೂ ಮೊದಲ ಸಾಲಿನಲ್ಲೇ ಗುರುತು ಹಿಡಿಯಬಹುದು. ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಸುತ್ತಳತೆ ಸುಮಾರು 6.28 ಅಳತೆ ಬೆಳೆಯಬೇಕು. ಅಮೆರಿಕನ್ ಸಿಂಗಲ್ ಕ್ರೋಶೆಯ ಅಗಲವೂ ಎತ್ತರವೂ ಹೆಚ್ಚುಕಡಿಮೆ ಸಮ. ಹಾಗಾಗಿ ಪ್ರತಿ ಸುತ್ತಿಗೆ 6 ಸ್ಟಿಚ್ ಹೆಚ್ಚಿಸಿದರೆ ಹೆಣಿಗೆ ಚಪ್ಪಟೆಯಾಗಿ ಕೂರುತ್ತದೆ. ನಿಮ್ಮ ಸ್ಟಿಚ್ ಅದಕ್ಕಿಂತ ಸುಮಾರು ಎರಡು ಪಟ್ಟು ಎತ್ತರ. ಅದು ಚಪ್ಪಟೆಯಾಗಬೇಕಾದರೆ ಸುತ್ತಿಗೆ 12 ಹೆಚ್ಚಿಸಬೇಕು. ಬರಿಯ 6 ಹೆಚ್ಚಿಸಿದರೆ ಅಗಲಕ್ಕೆ ಜಾಗ ಸಾಲದೆ ಹೆಣಿಗೆ ಮೇಲಕ್ಕೆ ಏಳುತ್ತದೆ, ಅದೇ ನಿಮ್ಮ ಲೋಟ. ಇನ್ನು ಸಂದು: ಎತ್ತರದ ಸ್ಟಿಚ್‌ಗಳು ಅಕ್ಕಪಕ್ಕ ನಿಲ್ಲಿಸಿದ ಕಂಬಗಳಿದ್ದ ಹಾಗೆ, ತಲೆಯಲ್ಲೂ ಬುಡದಲ್ಲೂ ಕೂಡಿಕೊಂಡು ನಡುವೆ ಬಯಲು ಬಿಟ್ಟಿರುತ್ತವೆ. ಕೊಕ್ಕೆ ಎಷ್ಟು ಸಣ್ಣದಾದರೂ ಕಂಬಗಳ ನಡುವಿನ ಬಯಲು ಉಳಿದೇ ಉಳಿಯುತ್ತದೆ.

ಮುಂದೆ ಪ್ಯಾಟರ್ನ್ ಓದುವಾಗ ಸಿಂಗಲ್ ಕ್ರೋಶೆ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಮೊದಲು ಹುಡುಕಿ. ಇಂದಿನ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಆ ಹೆಸರು ಇರುವುದಿಲ್ಲ. ಸ್ಟಿಚ್ ಬಿಟ್ಟು ಮುಂದೆ ಹೋಗುವುದಕ್ಕೆ ಅಮೆರಿಕನ್ನರು ಸ್ಕಿಪ್ ಎಂದರೆ ಬ್ರಿಟಿಷರು ಮಿಸ್ ಎನ್ನುತ್ತಾರೆ. ಹೆಣಿಗೆಯ ಬಿಗಿತಕ್ಕೆ ಅಮೆರಿಕನ್ನರದು ಗೇಜ್, ಬ್ರಿಟಿಷರದು ಟೆನ್ಷನ್. ಈಗ ನೀವು ಮಾಡಬೇಕಾದದ್ದು ಇಷ್ಟೇ: ಮೊದಲೇ ನೂಲು ಸುತ್ತಿಕೊಳ್ಳದೆ ಕೊಕ್ಕೆಯನ್ನು ನೇರವಾಗಿ ತೂರಿಸಿ, ಕುಣಿಕೆ ಎಳೆದು, ನೂಲು ಸುತ್ತಿ, ಕೊಕ್ಕೆಯ ಮೇಲಿರುವ ಎರಡೂ ಕುಣಿಕೆಗಳಿಂದ ಒಂದೇ ಸಲಕ್ಕೆ ಹೊರಗೆ ಎಳೆಯಿರಿ. 2.5 ಮಿ.ಮೀ. ಕೊಕ್ಕೆಗೇ ಹಿಂದಿರುಗಿ, ಮಣಿಕಟ್ಟಿಗೆ ನೋವು ಬೇಡ.

ಬಿಗಿಹೆಣಿಗೆ | ಬುಧವಾರ, ಸಂಜೆ 7:44

ಇದನ್ನು ಒಪ್ಪುತ್ತೇನೆ. ಯಾವ ಸ್ಟಿಚ್ ಎಂದು ಕೇಳದೆ ಅವರಿಂದ ಇನ್ನೊಂದು ತಲೆ ಹೆಣೆಸಿದ್ದಕ್ಕೆ ವಿಷಾದವಿದೆ. ಆದರೂ ಸಿಂಗಲ್ ಕ್ರೋಶೆಗೆ ಬಂದ ಮೇಲೆ ಎಕ್ಸ್ ಆಕಾರವನ್ನೊಮ್ಮೆ ಪ್ರಯತ್ನಿಸಿ ಎಂಬ ನನ್ನ ಸಲಹೆ ಹಾಗೆಯೇ ಇರಲಿ. ಬಿಗಿತದಲ್ಲಿ ವ್ಯತ್ಯಾಸ ಕಾಣುತ್ತದೆ.

ನೂಲಿನುಂಡೆ | ಶನಿವಾರ, ರಾತ್ರಿ 10:10

ತಲೆ ಮುಗಿಯಿತು! ನಾಲ್ಕನೆಯ ಸುತ್ತಿಗೆ ಹೆಣಿಗೆ ಮೇಜಿನ ಮೇಲೆ ದೋಸೆಯಂತೆ ಚಪ್ಪಟೆಯಾಗಿ ಕೂತದ್ದನ್ನು ನೋಡಿದಾಗಲೇ ಸಮಾಧಾನವಾಯಿತು. ತುಂಬಿದ ಮೇಲೆ ಅಳೆದೆ: ಅಗಲ 6 ಸೆಂ.ಮೀ., ಎತ್ತರ 5.5 ಸೆಂ.ಮೀ. ಹಿಂದಿನದು ಅಗಲ ಇಷ್ಟೇ ಇದ್ದು ಎತ್ತರದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚಿತ್ತು. ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರೂ ಹೆಚ್ಚಿನ ಕಡೆ ಫೈಬರ್ ಕಾಣುವುದಿಲ್ಲ. ಪುಟ್ಟಗೊಂಬೆಯವರ ಮಾತಿನಂತೆ ಕಣ್ಣುಗಳನ್ನು ಕಸೂತಿಯಲ್ಲೇ ಮಾಡುತ್ತೇನೆ.

ಉಳಿದಿರುವುದು ಎರಡು ಸಂಗತಿ. ಕೆಳಭಾಗದಲ್ಲಿ ಸ್ಟಿಚ್ ಇಳಿಸಿದ ಕಡೆಗಳಲ್ಲಿ ಮಾತ್ರ ಸಣ್ಣ ತೂತು ಉಳಿದಿದೆ. ಮತ್ತು ಮುಗಿಸಿಟ್ಟ ತೋಳು, ದೇಹಗಳನ್ನೂ ಬಿಚ್ಚಲೇಬೇಕೇ? ತಲೆಯ ನೂಲು ನಾಲ್ಕು ಸಲ ಬಿಚ್ಚಿ ಹೆಣೆದು ಆಗಲೇ ಸುರುಳಿ ಸುರುಳಿಯಾಗಿದೆ.

ಹತ್ತಿನೂಲು | ಭಾನುವಾರ, ಬೆಳಿಗ್ಗೆ 8:25

ಬಿಚ್ಚಲೇಬೇಕು. ಅವುಗಳಲ್ಲಿಯೂ ಅದೇ ಕಂಬಗಳಿವೆ, ಮಗು ತೋಳನ್ನೇ ಮೊದಲು ಬಾಯಿಗೆ ಹಾಕುತ್ತದೆ. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ, ಲಡಿಯಾಗಿ ನಾಲ್ಕು ಕಡೆ ದಾರದಿಂದ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು ನೆರಳಿನಲ್ಲಿ ತೂಗುಹಾಕಿ. ಒಣಗಿದ ಮೇಲೆ ಸುರುಳಿ ಬಹುಮಟ್ಟಿಗೆ ಬಿಟ್ಟುಕೊಂಡಿರುತ್ತದೆ. ಅಕ್ರಿಲಿಕ್ ಆದ್ದರಿಂದ ಇಸ್ತ್ರಿ ಮಾತ್ರ ಮುಟ್ಟಿಸಬೇಡಿ.

ಇಳಿಸುವ ಕಡೆಯ ತೂತಿಗೆ ಇನ್‌ವಿಸಿಬಲ್ ಡಿಕ್ರೀಸ್ ಮಾಡಿ. ಮುಂದಿನ ಎರಡು ಸ್ಟಿಚ್‌ಗಳ ಮುಂಭಾಗದ ಕುಣಿಕೆಗಳನ್ನು ಮಾತ್ರ, ಅಂದರೆ ನಿಮ್ಮ ಕಡೆಗಿರುವ ಎಳೆಗಳನ್ನು ಮಾತ್ರ, ಒಂದರ ಹಿಂದೊಂದು ಕೊಕ್ಕೆಗೆ ತೆಗೆದುಕೊಳ್ಳಿ. ಈಗ ಕೊಕ್ಕೆಯ ಮೇಲೆ ಮೂರು ಕುಣಿಕೆಗಳಿರುತ್ತವೆ. ನೂಲು ಸುತ್ತಿ ಮೊದಲ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ತಲೆಯನ್ನು ಪೂರ್ತಿ ಬಿಚ್ಚುವುದು ಬೇಡ. ಹದಿಮೂರನೆಯ ಸುತ್ತಿನ ಆರಂಭದವರೆಗೆ ಬಿಚ್ಚಿದರೆ ಸಾಕು. ಅಲ್ಲಿ ಮಾರ್ಕರ್ ಹಾಕಿಕೊಂಡು, ಫೈಬರ್ ಹೊರಗೆ ತೆಗೆದಿಟ್ಟು ಬಿಚ್ಚಿ.