ಡುಶೆನ್ ಇರೋ ಮಗಗ ಹೇಳಿದ್ದು ನೆನಪ ಇರಂಗಿಲ್ಲ, ಏನ್ ಮಾಡ್ಲಿ?

ಸಿಂಧನೂರಿನ ತಾಯಿ:
ಮಗಗ ಒಂಬತ್ತು ವರ್ಷ, ಡುಶೆನ್ ಅನ್ನೋ ಸ್ನಾಯು ಸೋಲೋ ರೋಗ ಐತ್ರೀ. ಕಾಲಿನ ತ್ರಾಸು ಗೊತ್ತಿದ್ದದ್ದೇ, ಆದ್ರ "ಪಾಟಿ ತಗೊ, ಬಾಗ್ಲಾ ಹಾಕು, ಅಜ್ಜಿನ್ ಕರಿ" ಅಂದ್ರ ಪಾಟಿ ಹಿಡ್ಕೊಂಡು ಅಲ್ಲೇ ನಿಂತ್ಬಿಡ್ತಾನ. ಸಾಲ್ಯಾಗ ಲಕ್ಷ್ಯ ಇಲ್ಲಂತ ಬೈತಾರ. ಈ ರೋಗ ತಲಿಗೂ ಏರ್ತದೇನ್ರೀ?

ರಾಯಚೂರು, ಫಿಸಿಯೋಥೆರಪಿ:
ಏರೂದಲ್ರೀ ಅಕ್ಕಾರ. ಈ ರೋಗದಾಗ ಮೈಯ್ಯಾಗ ತಯಾರಾಗದ ಡಿಸ್ಟ್ರೋಫಿನ್ ಪ್ರೋಟೀನು ಸ್ನಾಯುದಾಗಷ್ಟ ಅಲ್ಲ, ಮಿದುಳಿನಾಗೂ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ಜಾಗದಾಗ ಇರ್ತದ, ಅದು ಹುಟ್ಟಿದಾಗಿಂದ ಇಲ್ಲಂದ್ರ ಮಿದುಳಿನ ಭಾಗಗಳ ನಡುವಿನ ಕನೆಕ್ಷನ್ನು ಬ್ಯಾರೆ ಥರ ಬೆಳಿತಾವ, ಎಂಆರ್‌ಐ ಸ್ಟಡಿಗಳಾಗೂ ಅದು ಕಂಡದ. ಹಿಂಗಾಗಿ ಕೇಳಿದ್ದನ್ನ ತಲ್ಯಾಗ ಹಿಡ್ಕೊಳ್ಳೋದು ಭಾಳ ಹುಡುಗರಿಗೆ ಕಷ್ಟ. ಆದ್ರ ಸ್ನಾಯು ಸೋತಂಗ ಬುದ್ಧಿ ವರ್ಷಾ ವರ್ಷಾ ಸೋಲಂಗಿಲ್ಲ. ಜೀನ್ ರಿಪೋರ್ಟ್ ನೋಡ್ರಿ, 45ನೇ ಎಕ್ಸಾನಿನ (ಜೀನಿನ ಒಂದು ತುಂಡು) ಆಚಿಗೆ ಮ್ಯುಟೇಷನ್, ಅಂದ್ರ ಜೀನಿನಾಗಿನ ಬದಲಾವಣಿ, ಇದ್ರ ಕಲಿಯೋ ತ್ರಾಸು ಹೆಚ್ಚು ಕಾಣ್ತದ, ಎಲ್ಲಾರಿಗೂ ಅಲ್ಲ.

ಗಂಗಾವತಿ ಅಪ್ಪ:
ನಮ್ಮ ಹುಡುಗಂದೂ ಇದ ಕಥಿ ಇತ್ರೀ. ಈಗ ಒಂದ್ಸಲಕ್ಕ ಒಂದೇ ಮಾತು ಹೇಳ್ತೀವಿ, ಉಳಿದದ್ದು ಚೀಟ್ಯಾಗ ಚಿತ್ರ ಬರದು ಕಪಾಟಿಗೆ ಅಂಟಿಸೀವಿ, ತಾನ ನೋಡ್ಕೊಂಡು ಮಾಡ್ತಾನ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ನೆನಪಿನ ಟೆಸ್ಟೂ ಕೇಳ್ರಿ. ದಿವ್ಯಾಂಗರ 2016ರ ಕಾಯ್ದೆದಾಗ ಮಸ್ಕ್ಯುಲರ್ ಡಿಸ್ಟ್ರೋಫಿ (ಡುಶೆನ್ ಅದರಾಗಿಂದ ಒಂದು ಥರ) ಐತಿ, ದಿವ್ಯಾಂಗರ ಗುರುತಿನ ಯುಡಿಐಡಿ ಕಾರ್ಡ್ ಮಾಡ್ಸಿ, ಪರೀಕ್ಷಾಕ್ಕ ಹೆಚ್ಚಿನ ಟೈಮ್ ಕೇಳ್ಬಹುದು.

ಸಿಂಧನೂರಿನ ತಾಯಿ:
ನಾನೂ ಎರಡ್ ಸಲ ಹೊಡದೀನ್ರೀ ಅವಗ, ಈಗ ಹೊಟ್ಯಾಗ ಸಂಕಟ ಆಗ್ಲಿಕತ್ತದ. ನಾಳೆ ಟೀಚರಿಗೆ ಇದನ್ನ ಓದಿ ಹೇಳ್ತೀನಿ.